ಕೆನಡಾದ ಮರ, ನಮ್ಮ ಮೇಷ್ಟ್ರ ರಬ್ಬರು

ನನ್ನ ನೆನಪಿನ ಕೆನಡಾದಲ್ಲಿ ಹಿಮದ ಬಣ್ಣ ಹಳದಿ. ಶಿಡ್ಲಘಟ್ಟದ ನಮ್ಮ ಹೈಸ್ಕೂಲಿನ ಹಾಲಿನಲ್ಲಿ ಪರದೆಯೆಂದು ಕಟ್ಟಿದ್ದು ಯಾರದೋ ಮನೆಯ ಹಳೆಯ ಪಂಚೆ, ಅದಕ್ಕೇ ಹಾಗೆ. ಅಥವಾ ಪಂಚೆ ಬೆಳ್ಳಗೇ ಇತ್ತು, ಕಿಟಕಿಗೆ ಹೊದಿಸಿದ್ದ ಕಂಬಳಿಗಳ ಸಂದಿಯಿಂದ ಬಿಸಿಲು ಬೀಳುತ್ತಿತ್ತು. ಎರಡೂ ನನಗೆ ಸ್ಪಷ್ಟವಾಗಿ ಕಾಣುತ್ತವೆ. ಯಾವುದು ಕಂಡದ್ದು, ಯಾವುದನ್ನು ಆಮೇಲೆ ನಾನೇ ಹೊಲಿದುಕೊಂಡೆ, ಹೇಳಲಾರೆ. ಇಷ್ಟು ಹೇಳಿದ ಮೇಲೆ ಮುಂದಿನದನ್ನು ಓದುವವರು ಸ್ವಲ್ಪ ಎಚ್ಚರದಿಂದ ಓದಬಹುದು.

ಅರವತ್ತರ ದಶಕದ ಮೊದಲ ವರ್ಷಗಳು. ಸರ್ಕಾರದ ವ್ಯಾನೊಂದು ನಮ್ಮ ಕಡೆಯ ಊರುಗಳನ್ನು ಸುತ್ತಿ, ಕೆನಡಾ ದೇಶದವರು ಕೊಟ್ಟ ಸಣ್ಣ ಸಣ್ಣ ಸಿನಿಮಾಗಳನ್ನು ಶಾಲೆಗಳಲ್ಲಿ ತೋರಿಸುತ್ತಿತ್ತು. ಕತೆ ಇಲ್ಲ, ಹಾಡಿಲ್ಲ. ನದಿಯಲ್ಲಿ ತೇಲಿಬರುವ ಮರದ ದಿಮ್ಮಿಗಳು, ಗೋಧಿ ಹೊಲ, ಮಂಜಿನಲ್ಲಿ ಮನೆ ಕಟ್ಟುವವರು. ಹಿನ್ನೆಲೆಯಲ್ಲಿ ಒಬ್ಬ ದೊರೆ ಇಂಗ್ಲಿಷಿನಲ್ಲಿ ಏನನ್ನೋ ಹೇಳುತ್ತಿದ್ದ. ಅದು ಗರಗರ ಸದ್ದಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಪ್ರತಿ ಊರಿನಲ್ಲೂ ಒಂದು ಏರ್ಪಾಟು ಇತ್ತು: ಅಲ್ಲಿಯ ಒಬ್ಬ ಮೇಷ್ಟ್ರು ಪರದೆಯ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು ಕನ್ನಡದಲ್ಲಿ ವಿವರಿಸಬೇಕು. ನಮ್ಮ ಊರಿನಲ್ಲಿ ಆ ಕೆಲಸ ಸೈನ್ಸ್ ಮೇಷ್ಟ್ರದು.

ನಮ್ಮ ಸೈನ್ಸ್ ಮೇಷ್ಟ್ರು ತೆಳ್ಳಗೆ, ಉದ್ದಕ್ಕೆ, ಕೋಟಿನ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ಆ ವರ್ಷ ಅವರ ತಲೆಯಲ್ಲಿ ಒಂದೇ ವಿಷಯ: ಆಕಸ್ಮಿಕವಾಗಿ ಆದ ಆವಿಷ್ಕಾರಗಳು. ಬಿಸಿ ಒಲೆಗೆ ತಗುಲಿ ಗಟ್ಟಿಯಾದ ರಬ್ಬರಿನ ಕತೆಯನ್ನು ಅವರು ಲೆಕ್ಕದ ಪೀರಿಯಡ್ಡಿನಲ್ಲೂ ಹೇಳಿಬಿಡುತ್ತಿದ್ದರು. ಕಾರಣವೂ ಇತ್ತು. ವ್ಯಾನಿನವರು ಚಿಕ್ಕಬಳ್ಳಾಪುರದಲ್ಲಿ ನಾಲ್ಕು ತಾಲ್ಲೂಕುಗಳ ಹೈಸ್ಕೂಲುಗಳಿಗೆ ಪ್ರಶ್ನೋತ್ತರ ಪಂದ್ಯ ಇಟ್ಟಿದ್ದರು, ಗೆದ್ದ ಶಾಲೆಗೆ ಒಂದು ಕಪ್. ಅರ್ಧ ಪ್ರಶ್ನೆ ಕೆನಡಾದ ಸಿನಿಮಾಗಳ ಮೇಲೆ, ಅರ್ಧ ಆಕಸ್ಮಿಕ ಆವಿಷ್ಕಾರಗಳ ಮೇಲೆ. ಈ ಎರಡಕ್ಕೂ ಏನು ಸಂಬಂಧ ಎಂದು ಆಗ ಯಾರೂ ಕೇಳಲಿಲ್ಲ.

ನನಗೆ ಬೇಕಾಗಿದ್ದದ್ದು ಕಪ್ಪಲ್ಲ, ಸೈನ್ಸ್ ಸೆಕ್ಷನ್ನು. ನಮ್ಮ ಶಾಲೆಯಲ್ಲಿ ಹುಡುಗರು ವಿಜ್ಞಾನಕ್ಕೆ, ಹುಡುಗಿಯರು ಹೊಲಿಗೆಗೆ. ಹಾಗೆಂದು ಎಲ್ಲೂ ಬರೆದಿರಲಿಲ್ಲ, ನಡೆದುಬಂದಿತ್ತು. ನಾನು ಹೆಡ್‌ಮಾಸ್ಟರ ಮುಂದೆ ನಿಂತು ಕೇಳಿದಾಗ ಅವರು ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿಕೊಂಡು ಹೇಳಿದರು:

"ಕಪ್ ಗೆದ್ಕೊಂಡ್ ಬಾರಮ್ಮ. ಆಮೇಲ್ ನೋಡಣ."

ಪಂದ್ಯದಲ್ಲಿ ನನ್ನ ಜೊತೆಗಾತಿ ಮೇಲೂರಿನ ಗೆಳತಿ. ಅವರದು ರೇಷ್ಮೆ ಹುಳು ಸಾಕುವ ಮನೆ. ಅವಳಿಗೆ ವಿಜ್ಞಾನವೂ ಬೇಡ, ಕಪ್ಪೂ ಬೇಡ, ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಬೇಕಿತ್ತು, ಅಷ್ಟೇ.

ಪಂದ್ಯಕ್ಕೆ ಮುಂಚೆ ನಮ್ಮಲ್ಲಿ ತೋರಿಸಿದ ಕೊನೆಯ ಸಿನಿಮಾದಲ್ಲಿ ಒಂದು ಕಾಡು. ಎಲೆ ಉದುರಿದ ಮರಗಳು, ಬುಡದಲ್ಲಿ ಮಂಜು. ಒಬ್ಬಾತ ಮರಕ್ಕೆ ತೂತು ಕೊರೆದು, ಕೊಳವೆ ಸಿಕ್ಕಿಸಿ, ಬಕೀಟು ತೂಗುಹಾಕುತ್ತಾನೆ. ಬಕೀಟಿನ ರಸವನ್ನು ದೊಡ್ಡ ಬಾಣಲೆಗೆ ಸುರಿದು ಕಾಯಿಸುತ್ತಾರೆ. ಹಬೆಯೋ ಹಬೆ. ನಮ್ಮ ಮೇಷ್ಟ್ರು ಬೆತ್ತವನ್ನು ಬಕೀಟಿನ ಮೇಲಿಟ್ಟು "ಇದೇ ನೋಡ್ರಪ್ಪ ರಬ್ಬರು!" ಎಂದರು. ಆಮೇಲೆ ಆ ಸಿನಿಮಾ ಮುಗಿಯುವವರೆಗೆ ನಾವು ಕಂಡದ್ದೆಲ್ಲ ರಬ್ಬರೇ. ಬಾಣಲೆಯಲ್ಲಿ ರಬ್ಬರು ಗಟ್ಟಿಯಾಗುತ್ತಿತ್ತು, ಡಬ್ಬಿಯಲ್ಲಿ ರಬ್ಬರು ಪೇಟೆಗೆ ಹೋಗುತ್ತಿತ್ತು. ಕೊನೆಯಲ್ಲಿ ಉಣ್ಣೆ ಟೋಪಿಯ ಒಂದು ಮಗು, ಮಂಜಿನ ಮೇಲೆ ಸುರಿದಿದ್ದ ಅದನ್ನು ಕಡ್ಡಿಗೆ ಸುತ್ತಿಕೊಂಡು ನೆಕ್ಕಿತು.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಸಾರ್, ರಬ್ಬರ್ ತಿಂತಾ ಐತೆ!"

ಮೇಷ್ಟ್ರು ಬೆತ್ತವನ್ನು ಪರದೆಯಿಂದ ಇಳಿಸಿ, "ಮಕ್ಳು ಕಣಯ್ಯಾ. ಏನ್ ಸಿಕ್ಕಿದ್ರೂ ಬಾಯಿಗ್ ಹಾಕ್ಕೊಳ್ತವೆ. ನೀನು ಪೆನ್ಸಿಲ್ ತಿನ್ನಲ್ವಾ?" ಎಂದರು. ಇಡೀ ಹಾಲ್ ನಗುವಿನಲ್ಲಿ ಮುಳುಗಿತು. ನಾನೂ ನಕ್ಕೆ ಎಂದು ಬರೆಯಬೇಕೆನಿಸುತ್ತದೆ. ನಗಲಿಲ್ಲ ಎಂದೂ ಬರೆಯಬಹುದು. ಆ ಮಗು ಎರಡನೆಯ ಸಲ ಕೈ ಚಾಚಿದ್ದನ್ನು ಮಾತ್ರ ನಾನು ನೋಡಿದೆ.

ಚಿಕ್ಕಬಳ್ಳಾಪುರದಲ್ಲಿ ಪಂದ್ಯ ನಡೆಸಿದಾತ ವ್ಯಾನಿನ ಜೊತೆ ಬೆಂಗಳೂರಿನಿಂದ ಬಂದಿದ್ದ, ಎಣ್ಣೆ ಹಚ್ಚಿ ತಲೆ ಬಾಚಿದ ಅಧಿಕಾರಿ. ಕೈಯಲ್ಲಿ ಉತ್ತರಗಳ ಅಚ್ಚಾದ ಹಾಳೆ. ಶುರುವಿನಲ್ಲೇ ಒಂದು ನಿಯಮ ಓದಿದ: ಸಭೆಯಲ್ಲಿ ಕುಳಿತ ಯಾರಾದರೂ ಬಾಯಿ ಬಿಟ್ಟರೆ ಅವರ ಶಾಲೆಗೆ ಆ ಪ್ರಶ್ನೆಯ ಅಂಕ ಇಲ್ಲ.

ಆವಿಷ್ಕಾರಗಳ ಸುತ್ತು ನಮ್ಮದೇ. ಮೇಷ್ಟ್ರು ತುಂಬಿದ್ದೆಲ್ಲ ತಾನಾಗಿ ಬಾಯಿಗೆ ಬಂತು. ಕತ್ತಲೆ ಕೋಣೆಯಲ್ಲಿ ಹೊಳೆದ ಪರದೆಯಿಂದ ಎಕ್ಸ್-ರೇ ಸಿಕ್ಕಿದ್ದು, ಒಲೆಗೆ ತಗುಲಿದ ರಬ್ಬರು. ಚಿಂತಾಮಣಿಯ ಹುಡುಗರಿಗೆ ಒಂದು ಪ್ರಶ್ನೆ ಬಂತು: "ತಟ್ಟೆ ತೊಳೆಯದೆ ರಜಕ್ಕೆ ಹೋದ ವಿಜ್ಞಾನಿಗೆ ವಾಪಸು ಬಂದಾಗ ಏನು ಸಿಕ್ಕಿತು?"

ಅವರಲ್ಲೊಬ್ಬ ಎದ್ದು ನಿಂತು, "ಹೆಂಡ್ತಿ ಕೈಲಿ ಬೈಗುಳ, ಸಾರ್" ಎಂದ. ಪಕ್ಕದವನು ಅವನ ಅಂಗಿ ಜಗ್ಗಿ "ಏಮ್ರಾ ನೀದಿ, ಕೂರ್ಚೋರಾ!" ಎಂದು ತೆಲುಗಿನಲ್ಲಿ ಗದರಿ ಕೂರಿಸಿದ. ಪ್ರಶ್ನೆ ನಮಗೆ ದಾಟಿತು. ಬೂಷ್ಟು ಎಂದು ನನ್ನ ಗೆಳತಿ ಹೇಳಿದಳು, ಬೂಷ್ಟಿನಿಂದ ಪೆನಿಸಿಲಿನ್ ಎಂದು ನಾನು. ಕೊನೆಯ ಪ್ರಶ್ನೆಯ ಹೊತ್ತಿಗೆ ನಾವೂ ಗೌರಿಬಿದನೂರಿನವರೂ ಸಮಸಮ.

ಕೊನೆಯದು ಸಿನಿಮಾ ಪ್ರಶ್ನೆ. ಮರಕ್ಕೆ ತೂತು ಕೊರೆದು ಬಕೀಟಿನಲ್ಲಿ ಹಿಡಿಯುವುದೇನು?

ಆಗ ಬಯಲಾಯಿತು, ನಾಲ್ಕು ಊರಿನವರೂ ಒಂದೇ ಸಿನಿಮಾ ನೋಡಿರಲಿಲ್ಲ. ಚಿಕ್ಕಬಳ್ಳಾಪುರದ ಹುಡುಗ "ಜ್ವರದ ಔಷಧಿ" ಎಂದ, ಅವರ ಮೇಷ್ಟ್ರು ಹಾಗೆ ವಿವರಿಸಿದ್ದರು. ಚಿಂತಾಮಣಿಯವನು ಸಂಕೋಚವೇ ಇಲ್ಲದೆ "ಹೆಂಡ, ಸಾರ್. ನಮ್ಮೂರ್ ಈಚಲ ಮರಕ್ಕೂ ಹಿಂಗೇ ಕಟ್ತಾರೆ" ಎಂದ. ಅವನ ಮೇಷ್ಟ್ರು ಹೆಮ್ಮೆಯಿಂದ ತಲೆದೂಗಿದರು. ಈಗ ನಮ್ಮ ಸರದಿ. ನಾವು ತಪ್ಪಿದರೆ ಗೌರಿಬಿದನೂರಿನವರಿಗೆ.

ಗೆಳತಿ ಮೊಣಕೈಯಿಂದ ತಿವಿದಳು. "ರಬ್ಬರ್ ಅಂತ ಹೇಳೇ. ಮೇಷ್ಟ್ರು ಮುಂದೇನೇ ಕೂತವ್ರೆ ಕಣೇ."

ಕೂತಿದ್ದರು. ಮೊದಲ ಸಾಲಿನಲ್ಲಿ, ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು, ತುಟಿಗಳನ್ನು ಆಗಲೇ ರಬ್ಬರಿನ ಆಕಾರಕ್ಕೆ ಮಡಿಸಿಕೊಂಡು. ನಾಲ್ಕು ತಾಲ್ಲೂಕುಗಳ ಎದುರಿಗೆ ಅವರನ್ನು ತಪ್ಪೆನ್ನುವುದೋ, ಸೈನ್ಸ್ ಸೆಕ್ಷನ್ ಬಿಡುವುದೋ. ಈ ಯೋಚನೆ ಆಗಲೇ ಇಷ್ಟು ಅಚ್ಚುಕಟ್ಟಾಗಿ ಬಂತೆಂದು ನಾನು ನಂಬುವುದಿಲ್ಲ. ಬಾಯಿ ತೆರೆದೆ, ಬಂದದ್ದು ಇದು:

"ಸಿಹಿ ನೀರು, ಸಾರ್. ಕಾಯಿಸಿ ಪಾಕ ಮಾಡ್ತಾರೆ."

ಅಧಿಕಾರಿ ಹಾಳೆ ನೋಡಿ "ಸ—" ಎನ್ನುವಷ್ಟರಲ್ಲಿ ನಮ್ಮ ಮೇಷ್ಟ್ರು ಎದ್ದು ನಿಂತರು.

"ತಪ್ಪು! ನಾನು ಅಬ್ಜೆಕ್ಟ್ ಮಾಡ್ತೀನಿ. ಅದು ರಬ್ಬರು!"

"ಸ್ವಾಮಿ, ನೀವು ಯಾವ ಶಾಲೆ?"

"ಅದೇ ಶಾಲೆ. ಅವಳು ನನ್ನ ಶಿಷ್ಯೇನೇ. ಆದ್ರೂ ತಪ್ಪು ತಪ್ಪೇ!"

ಅಧಿಕಾರಿ ಹಾಳೆಯನ್ನು ಅವರ ಕಡೆ ತಿರುಗಿಸಿ ತೋರಿಸಿದ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಉತ್ತರ ನನ್ನದೇ ಸರಿ. ಸಭೆಯಿಂದ ಬಾಯಿ ಬಿಟ್ಟದ್ದೂ ಸರಿಯೇ. ಅಂಕ ಹೋಯಿತು. ಗೌರಿಬಿದನೂರಿನವರು ನನ್ನ ಉತ್ತರವನ್ನೇ "ಬೆಲ್ಲದ ಪಾಕ" ಎಂದು ಹೇಳಿ ಕಪ್ಪು ಎತ್ತಿಕೊಂಡರು. ಅವರ ಊರಿನ ವಿವರಣೆಯೂ ಅದೇ ಇತ್ತಂತೆ, ಆಲೆಮನೆ ಕಂಡ ಮೇಷ್ಟ್ರು.

ವಾಪಸು ಬಸ್ಸಿನಲ್ಲಿ ಮೇಷ್ಟ್ರು ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದರು. ಗೆಳತಿ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದಳು. ಆಮೇಲೆ ಅವರು ತಿರುಗಿ ಕೇಳಿದರು:

"ನಿಂಗೆ ಹೆಂಗಮ್ಮ ಗೊತ್ತಾಯ್ತು?"

"ಆ ಮಗು ನೆಕ್ಕಿ ಇನ್ನೊಂದ್ಸಲ ಕೈ ಚಾಚ್ತು, ಸಾರ್. ರಬ್ಬರ್ ಆಗಿದ್ರೆ ಉಗೀತಿತ್ತು."

ಅವರು ಮುಂದಕ್ಕೆ ತಿರುಗಿ ಸೀಟಿನ ಕಂಬಿ ಹಿಡಿದುಕೊಂಡರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು.

"ನಾನೂ ನೋಡ್ದೆ ಕಣಮ್ಮ ಅದನ್ನ. ನೋಡಿ, ಅದಕ್ಕೊಂದು ಸಮಾಧಾನ ಹೇಳ್ಬಿಟ್ಟೆ."

ಮರುದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಕಿಟಕಿಯ ಹೊರಗೆ ನಿಂತಿದ್ದೆ. "ಕಪ್ ಎಲ್ರೀ?" ಎಂದದ್ದು ಕೇಳಿಸಿತು. "ಕಪ್ ಕಳೆದಿದ್ದು ನಾನು. ಹುಡ್ಗಿ ಸೋತಿಲ್ಲ" ಎಂದು ಮೇಷ್ಟ್ರು ಅಂದದ್ದೂ ಕೇಳಿಸಿತು. ನಡುವೆ ಬಹಳ ಹೊತ್ತು ಬರೀ ಗೊಣಗಾಟ. ಮೇಷ್ಟ್ರು ವ್ಯಾನಿನ ವಿವರಣೆಯ ಕೆಲಸ ಬಿಟ್ಟುಬಿಡುತ್ತೇನೆಂದು ಹೆದರಿಸಿದರು ಎನ್ನುತ್ತಾಳೆ ಗೆಳತಿ. ಆ ವರ್ಷ ಸೈನ್ಸ್ ಸೆಕ್ಷನ್ನಿಗೆ ಹುಡುಗರೇ ಕಡಿಮೆ ಇದ್ದರು, ಅದಕ್ಕೇ ಸೇರಿಸಿಕೊಂಡರು ಎನ್ನುತ್ತಾನೆ ನನ್ನ ಅಣ್ಣ. ಅಣ್ಣನ ಮಾತೇ ನಿಜವಿರಬಹುದು. ನಾನು ಅದನ್ನು ಇಷ್ಟಪಡುವುದಿಲ್ಲ.

ಹೆಡ್‌ಮಾಸ್ಟರು ಬಾಗಿಲಿಗೆ ಬಂದು ಹೇಳಿದ್ದು ಮಾತ್ರ ಮುಖಾಮುಖಿ. "ಸೇರ್ಕೊಳಮ್ಮ. ಆದ್ರೆ ಗಂಡ್ ಹುಡುಗ್ರ ಮಧ್ಯೆ ಒಬ್ಬಳ್ನೇ ಕೂರ್ಸೋಕ್ ಆಗಲ್ಲ. ಇನ್ನೊಬ್ಳು ಬೇಕು."

ಗೆಳತಿ ಅತ್ತಳು. "ನಂಗ್ ಬೇಡ್ವೇ ಬೇಡ ಕಣೇ. ಹೊಲಿಗೆ ಕ್ಲಾಸೇ ಚೆನ್ನಾಗಿತ್ತು. ನಿನ್ನಿಂದ ನಾನೂ ಆಸಿಡ್ ಮೂಸ್ಬೇಕಾ?" ಅವಳಮ್ಮನ ಕಾಲು ಹಿಡಿಯಲು ಮೇಷ್ಟ್ರೇ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಮೇಲೂರಿಗೆ ಬಂದರು. ಮನೆಯೊಳಗೆ ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚುವ ಮುಂಚಿನ ನಿದ್ದೆಗೆ, ಕೂತಿದ್ದವು, ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ. ಮೇಷ್ಟ್ರು ಬೀದಿಯಲ್ಲೇ ನಿಂತು, ಪಿಸುಮಾತಿನಲ್ಲಿ, ಹೊಸ್ತಿಲಾಚೆಯ ಆಕೆಗೆ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಭಾಷಣ ಮಾಡಿದರು. ಆಕೆ ಎಲ್ಲ ಕೇಳಿ, "ಸರಿ ಬಿಡಿ ಸಾಮಿ, ಮೊದ್ಲು ಆಚೆ ಹೋಗಿ, ಹುಳ ಮಲಗವೆ" ಎಂದಳು. ನಾವು ಅದನ್ನು ಒಪ್ಪಿಗೆ ಎಂದುಕೊಂಡೆವು.

ಪ್ರಯೋಗಶಾಲೆಯಲ್ಲಿ ನಮಗೆ ಸ್ಟೂಲಿರಲಿಲ್ಲ. ಹೊಲಿಗೆ ಕೋಣೆಯ ಕುಳ್ಳ ಬೆಂಚನ್ನು ತಂದು ಹಾಕಿದರು. ಅದರ ಮೇಲೆ ಕೂತರೆ ಮೇಜು ನಮ್ಮ ಗಲ್ಲಕ್ಕೆ ಬರುತ್ತಿತ್ತು, ಮೈಲುತುತ್ತದ ನೀಲಿ ಸೀಸೆ ನೇರ ಕಣ್ಣಿನೆದುರು. ಹುಡುಗರು ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ನಾವಿಬ್ಬರೂ ಗಲ್ಲವನ್ನು ಮೇಜಿನ ಮೇಲಿಟ್ಟು, ನೀಲಿಯ ಮೂಲಕ ಆಚೆ ಕಡೆಯ ಮೇಷ್ಟ್ರನ್ನು ನೋಡುತ್ತಿದ್ದೆವು. ಅವರು ಏನೋ ವಿವರಿಸುತ್ತಿದ್ದರು. ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು:

"ನೋಡ್ಕೊಂಡಿರೇ. ಈ ಸಲಾನೂ ಏನಾರಾ ಹೇಳ್ಬಿಡ್ತಾರೆ."