ಎರಡನೇ ರಿಮೋಟಿನ ಮೈಕು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮೇಲೂರಿನ ನಮ್ಮ ಮನೆಗೆ ಮಸ್ಕತ್‌ನಿಂದ ಒಂದು ವಿಡಿಯೋ ಗೇಮ್ ಬಂತು. ಅಲ್ಲಿ ಲಾರಿ ಓಡಿಸುತ್ತಿದ್ದ ಸೋದರಮಾವ ರಜೆಗೆ ಬಂದಾಗ ಕಲರ್ ಟಿವಿಯ ಜೊತೆಗೆ ಅದನ್ನೂ ತಂದಿದ್ದರು. ಟಿವಿ ಯಾವ ದೇಶದ ಸಿಗ್ನಲ್ಲನ್ನಾದರೂ ಹಿಡಿಯುತ್ತಿತ್ತು. ಗೇಮು ಮಾತ್ರ ಅಪ್ಪಟ ಜಪಾನಿನದು: ಬಿಳಿ-ಕೆಂಪು ಪೆಟ್ಟಿಗೆ, ಅದರಿಂದ ಬಿಚ್ಚಲಾಗದ ಎರಡು ಗಿಡ್ಡ ವೈರು, ತುದಿಗೆ ಎರಡು ರಿಮೋಟು. ಎರಡನೇ ರಿಮೋಟಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಅದು ಮೈಕೆಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ನಾನು ಸೀನಿದೆ, ಟಿವಿಯೂ ಸೀನಿತು.

ಹಿಂದಿನ ವರ್ಷ ತಾತನಿಗೆ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಮನೆಯಲ್ಲಿ ಸಾಕುತ್ತಿದ್ದ ರೇಷ್ಮೆ ಹುಳುಗಳು ದೊಡ್ಡವಾದಾಗ ಸೊಪ್ಪು ತಿನ್ನುವ ಸರಸರ ಸದ್ದಿನಲ್ಲೇ ಅವರ ಪಿಸುಮಾತು ಮುಳುಗಿಹೋಗುತ್ತಿತ್ತು. "ಏನಂತೆ?" ಎಂದು ಎರಡು ಸಲ ಕೇಳಿ, ಮೂರನೇ ಸಲ ಸುಮ್ಮನೆ ತಲೆಯಾಡಿಸುವುದು ನಮಗೆಲ್ಲ ರೂಢಿಯಾಗಿತ್ತು. ನನಗಂತೂ ಎರಡನೇ ಸಲ ಕೇಳುವ ತಾಳ್ಮೆಯೂ ಇರಲಿಲ್ಲ.

ಒಂದು ದಿನ ತಾತ ಆ ರಿಮೋಟನ್ನು ಬಾಯಿಗೆ ಹಿಡಿದು ಏನೋ ಅಂದರು. ಟಿವಿಯಿಂದ ಗೊರಗೊರ ದನಿ ಬಂತು: "ಏಯ್, ಒಂದ್ಲೋಟ ಕಾಫಿ ತಗಂಬಾರೇ!"

ಅಡುಗೆಮನೆಯಲ್ಲಿದ್ದ ಅಜ್ಜಿ ಸೌಟು ಹಿಡಿದೇ ಓಡಿಬಂದು, ಟಿವಿಯ ಮುಂದೆ ನಿಂತು ಅತ್ತರು. ಅವತ್ತಿನಿಂದ ಎರಡನೇ ರಿಮೋಟು ತಾತನದಾಯಿತು. ನಾನು ಆಡುತ್ತಿದ್ದರೆ ಪಕ್ಕದಲ್ಲಿ ಕೂತು ಹೊಲದ ಕೆಲಸ ಹೇಳುವರು, ಅಪ್ಪನನ್ನು ಬೈಯುವರು. ಆಟದ ಮಧ್ಯೆ ಇದೊಂದು ಕಾಟವೆಂದು ನಾನು ಮುಖ ಊದಿಸಿಕೊಳ್ಳುತ್ತಿದ್ದೆ.

ಹೀಗೆ ಮೂರು ತಿಂಗಳು ನಡೆಯಿತು. ಒಂದು ಮಧ್ಯಾಹ್ನ ಜೋರು ಮಳೆ ಹೊಡೆದು ನಿಂತಮೇಲೆ ಗೇಮು ಹಾಕಿದೆ. ಐದು ನಿಮಿಷಕ್ಕೆ ಗೋಡೆಯಲ್ಲಿದ್ದ ಅದರ ಕರಿ ಅಡಾಪ್ಟರ್‌ನಿಂದ ಹೊಗೆ ಬಂತು.

ಅಪ್ಪ, ನಾನು ಬಸ್ಸು ಹಿಡಿದು ಚಿಂತಾಮಣಿಯ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ಅಡಾಪ್ಟರ್ ತಿರುಗಿಸಿ ನೋಡಿ ಹುಬ್ಬೇರಿಸಿದರು. "ಜಪಾನ್ ಮಾಲು ಸಾರ್ ಇದು. ನೂರು ವೋಲ್ಟಿಗೆ ಮಾಡಿರೋದು. ನಮ್ಮ ಕರೆಂಟಿಗೆ ಒಂದ್ ದಿನಾನೂ ತಡೀಬಾರ್ದಿತ್ತು. ಇಷ್ಟು ದಿನ ಹೆಂಗ್ ಓಡ್ತು?"

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ ನಕ್ಕುಬಿಟ್ಟರು. ನಮ್ಮೂರಿನಲ್ಲಿ, ನಾನು ಆಡುತ್ತಿದ್ದ ಹಗಲು ಹೊತ್ತಿನಲ್ಲೆಲ್ಲ, ಪಂಪ್‌ಸೆಟ್‌ಗಳು ಓಡುತ್ತಿದ್ದವು. ಕರೆಂಟು ಸೊರಗಿ ಬಲ್ಬು ಮಿಣಿಮಿಣಿ ಅನ್ನುತ್ತಿತ್ತು. ಟಿವಿಗೆ ಸ್ಟೆಬಿಲೈಸರ್ ಇತ್ತು. ಅದಕ್ಕೆ ಒಂದೇ ಪ್ಲಗ್ಗು ಸಿಕ್ಕಿಸಲು ಜಾಗವಿದ್ದುದರಿಂದ ಗೇಮನ್ನು ನೇರ ಗೋಡೆಗೆ ಕೊಟ್ಟಿದ್ದೆವು. ಆ ಸೊರಗಿದ ಕರೆಂಟಿಗೆ ಅದು ಹೇಗೋ ಬದುಕಿಕೊಂಡಿತ್ತು. ಮಳೆ ಬಂದ ದಿನ ಯಾರೂ ಮೋಟರು ಹಾಕಲಿಲ್ಲ, ಪೂರ್ತಿ ಕರೆಂಟು ನುಗ್ಗಿತು.

"ಬೆಂಗಳೂರಿಂದ ಬೇರೆ ಅಡಾಪ್ಟರ್ ತರಿಸ್ತೀನಿ, ಹದಿನೈದು ದಿನ ಆಗ್ತದೆ," ಎಂದ ಅಂಗಡಿಯವರು ಕಪಾಟಿನಿಂದ ಇನ್ನೊಂದು ಪೆಟ್ಟಿಗೆ ಇಳಿಸಿದರು. "ಇಲ್ಲಾಂದ್ರೆ ಅದು ಕೊಟ್ಟು ಇದು ತಗಂಡೋಗಿ. ತೈವಾನ್‌ದು. ನಿಮ್ಮ ಆಟದ ಕ್ಯಾಸೆಟ್ಟೇ ಇದಕ್ಕೂ ಕೂತ್ಕೊಳ್ತದೆ. ಅಮೆರಿಕಾ ಸೆಟ್ಟಿಗಾದ್ರೆ ಕೂತ್ಕೊಳ್ಳಲ್ಲ."

ನೋಡಲು ನಮ್ಮದರ ತದ್ರೂಪು. ವೈರು ಉದ್ದ, ಒಳಗೇ ಹತ್ತಾರು ಆಟ, ಗುಂಡು ಹಾರಿಸಲು ಬೇರೆ ಬಟನ್ನು. ಎರಡನೇ ರಿಮೋಟು ಎತ್ತಿ ನೋಡಿದೆ. ತೂತುಗಳಿರಲಿಲ್ಲ.

"ಏನ್ ಮಾಡಣಮ್ಮ?" ಎಂದು ಅಪ್ಪ ನನ್ನನ್ನೇ ಕೇಳಿದರು. ಅವರಿಗೆ ಆ ಗಳಿಗೆಯಲ್ಲಿ ಮೈಕಿನ ನೆನಪಿರಲಿಲ್ಲ. ನನಗಿತ್ತು.

"ಇದೇ ತಗೊಳ್ಳಣ," ಅಂದೆ.

ಮನೆಗೆ ಬಂದು ಗೇಮು ಹಾಕುತ್ತಿದ್ದಂತೆ ತಾತ ಬಂದು ತಮ್ಮ ಜಾಗದಲ್ಲಿ ಕೂತು, ರಿಮೋಟನ್ನು ಬಾಯಿಗೆ ಹಿಡಿದರು. ತುಟಿ ಆಡಿತು. ಟಿವಿಯಲ್ಲಿ ಆಟದ ಸಂಗೀತ ಮಾತ್ರ. ಸೌಂಡು ಕಡಿಮೆಯಿದೆಯೆಂದುಕೊಂಡು, ಹೆಚ್ಚು ಮಾಡು ಎಂದು ಕೈಸನ್ನೆ ಮಾಡಿದರು. ನಾನು ನಿಜವಾಗಿಯೂ ಎದ್ದುಹೋಗಿ ಹೆಚ್ಚು ಮಾಡಿದೆ! ಅವರು ಮತ್ತೆ ಮಾತಾಡಿದರು. ನನಗೆ ತಡೆಯಲಾಗಲಿಲ್ಲ. ಟಿವಿ ಆರಿಸಿ, "ತಾತ, ಇದರಲ್ಲಿ ಮೈಕಿಲ್ಲ. ನೋಡ್ಕೊಂಡೇ ತಂದೆ," ಅಂದೆ.

ಅವರು ರಿಮೋಟನ್ನು ತಿರುಗಿಸಿ ನೋಡಿ ನನ್ನ ತೊಡೆಯ ಮೇಲಿಟ್ಟರು. ಆಮೇಲೆ ಏನೋ ಹೇಳಿದರು. ಬೈಗುಳವೇ ಇರಬೇಕೆಂದು, ಕೇಳಿಸಿಕೊಳ್ಳಲೇಬೇಕೆಂದು, ಅವರ ಬಾಯಿಯ ಹತ್ತಿರ ಕಿವಿ ಇಟ್ಟೆ.

"ಇದ್ರಲ್ಲಿ ಆಟ ಚೆನ್ನಾಗೈತೇನಮ್ಮ?"

ಆಪರೇಷನ್ ಆದಮೇಲೆ ನಾನು ಅಷ್ಟು ಹತ್ತಿರ ಹೋಗಿ ಅವರ ಮಾತು ಕೇಳಿದ್ದು ಅದೇ ಮೊದಲು.