ಹಜ್ಜಿಯಾ ಕಂಡ ಕೆರೆಯ ತಳ

೧೯೭೯ರ ಮಾತು. ನಾವಾಗ ಕುವೈತಿನ ರಿಗ್ಗೈಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡನಿಗೆ ಮಿರ್ಕಾಬಿನ ಒಂದು ಟ್ರೇಡಿಂಗ್ ಆಫೀಸಿನಲ್ಲಿ ಟೈಪಿಸ್ಟ್ ಕೆಲಸ. ಸೆಪ್ಟೆಂಬರಿನ ಒಂದು ಸಂಜೆ ಶೂ ಕೂಡ ಬಿಚ್ಚದೆ ಒಳಗೆ ಬಂದವರು, "ಕಫೀಲ್ ನಿನ್ನನ್ನು ಕೇಳ್ತಿದ್ದಾರೆ ಮಾರಾಯ್ತಿ. ಅವರ ತಾಯಿಯ ಮಂಡಿ ಚಿಕಿತ್ಸೆಗೆ ಜೊತೆಯಲ್ಲಿ ಜೆಕೊಸ್ಲೊವಾಕಿಯಕ್ಕೆ ಹೋಗ್ಬೇಕಂತೆ" ಎಂದರು. ಆ ದೇಶ ಯಾವ ದಿಕ್ಕಿನಲ್ಲಿದೆ ಎಂದೂ ನನಗೆ ಗೊತ್ತಿರಲಿಲ್ಲ. ಆದರೆ ಇಕಾಮಾ ಎಂಬ ವಾಸದ ಪರವಾನಗಿ ಮಾಡಿಸಿಕೊಟ್ಟ ಕಫೀಲ್‌ಗೆ, ಅಂದರೆ ಧಣಿಗೆ, ಆಗುವುದಿಲ್ಲ ಎನ್ನುವುದು ಹೇಗೆ?

ಹಜ್ ಯಾತ್ರೆ ಮಾಡಿ ಬಂದ ಆ ತಾಯಿಯನ್ನು ಎಲ್ಲರೂ ಹಜ್ಜಿಯಾ ಎಂದೇ ಕರೆಯುತ್ತಿದ್ದರು. ಈದ್‌ಗೆ ಅವರ ಮನೆಗೆ ಹೋದಾಗಲೆಲ್ಲ ನಾನು ಊರಿನ ಎಣ್ಣೆ ಹಚ್ಚಿ ಅವರ ಮಂಡಿ ತಿಕ್ಕಿಕೊಡುತ್ತಿದ್ದೆ. ಅದೇ ನನಗೆ ಮುಳುವಾಯಿತು. ಮನೆಯ ಅಡುಗೆಯವರಿಂದ ಕಲಿತ ಹಿಂದಿ ಅವರಿಗೆ ಬರುತ್ತಿತ್ತು, ನನ್ನ ಹಿಂದಿಯೂ ಅಷ್ಟರಲ್ಲೇ ಇತ್ತು.

ಅವರ ಗಂಡ ಮುತ್ತು ತೆಗೆಯಲು ಕಡಲಿಗೆ ಧುಮುಕುವವರು. ಮಗ ಹೊಟ್ಟೆಯಲ್ಲಿದ್ದಾಗ ಒಂದು ಬೇಸಿಗೆ ಮುಳುಗಿದವರು ಮೇಲೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅಂದಿನಿಂದ ಹಜ್ಜಿಯಾ ದಿನಾ ಸಂಜೆ ಕಡಲ ಬದಿಗೆ ನಡೆದುಹೋಗಿ ನಿಲ್ಲುತ್ತಿದ್ದರು. ಮಗ ದೊಡ್ಡ ವ್ಯಾಪಾರಿಯಾದ, ಕಾರು ಬಂತು, ಆದರೂ ನಡೆದೇ ಹೋಗುತ್ತಿದ್ದರು. ಮಂಡಿ ಊದಿಕೊಂಡ ಮೇಲೆ ಅದು ನಿಂತಿತು. "ಕಾಲು ಸರಿಯಾದರೆ ಕಡಲಿಗೆ ಹೋಗಬಹುದು" ಎಂಬ ಒಂದೇ ಆಸೆಗೆ ಅವರು ವಿಮಾನ ಹತ್ತಲು ಒಪ್ಪಿದ್ದು.

ನಾವು ಹೋದ ಊರಿನ ಹೆಸರು ತ್ರೆಬೋನ್. ಹಳೆಯ ಕೋಟೆ ಬಾಗಿಲು, ಕಮಾನುಗಳ ಸಾಲು ಇರುವ ಪುಟ್ಟ ಚೌಕ, ಒಂದು ಅರಮನೆ. ಸುತ್ತ ಎಲ್ಲಿ ನೋಡಿದರೂ ಕೆರೆ. ಮೀನು ಸಾಕುವುದಕ್ಕೆಂದೇ ನೂರಾರು ವರ್ಷಗಳ ಹಿಂದೆ ಕಟ್ಟಿಸಿದ ಕೆರೆಗಳಂತೆ. ಚಿತ್ರದಂಥ ಊರು ಅನ್ನುತ್ತಾರೆ, ನನಗೆ ಮಾತ್ರ ಮಂಜು, ಚಳಿ, ಬೂದು ಬಣ್ಣದ ನೀರು ನೋಡಿ ಎದೆ ಭಾರವಾಗುತ್ತಿತ್ತು. ಊಟಕ್ಕೆ ಖಾರವಿಲ್ಲದ, ಹುಳಿಯಿಲ್ಲದ ಕೆರೆಮೀನು. ಬಂಗುಡೆ ಗಸಿ ನೆನೆದು ಒಮ್ಮೆ ಅತ್ತೇಬಿಟ್ಟೆ.

ಚಿಕಿತ್ಸೆ ಎಂದರೆ ಬಿಸಿಬಿಸಿ ಕಪ್ಪು ಕೆಸರು ತುಂಬಿದ ತೊಟ್ಟಿಯಲ್ಲಿ ಎದೆಯವರೆಗೆ ಮಲಗುವುದು. ಮೊದಲ ದಿನ ಅದನ್ನು ನೋಡಿ ಹಜ್ಜಿಯಾ ಬಾಗಿಲಲ್ಲೇ ಕೂತರು. ನರ್ಸ್ ಬೇಡಿಕೊಂಡಳು, ನಾನು ಬೇಡಿಕೊಂಡೆ, ಕೊನೆಗೆ ಗದರಿದೆ. ಆಗ ಅವರು ತಮ್ಮ ಉದ್ದನೆಯ ತಲೆವಸ್ತ್ರದ ಒಂದು ತುದಿಯನ್ನು ಮುಂಗೈಗೆ ಕಟ್ಟಿಸಿಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. "ಮುಳುಗುವವನ ಹಗ್ಗ ದೋಣಿಯಲ್ಲಿ ಒಬ್ಬ ಹಿಡಿದಿರ್ತಾನೆ ಬೇಟಿ. ಕೆಳಗಿಂದ ಜಗ್ಗಿದರೆ ಎಳೀಬೇಕು. ಅವರದು ಎಳೆದಾಗ ಬರೀ ಹಗ್ಗ ಬಂತು. ನೀನು ಬಿಡಬೇಡ."

ನಾನು ಬಿಡಲಿಲ್ಲ. ದಿನಾ ತೊಟ್ಟಿಯ ಪಕ್ಕ ಆ ಬಟ್ಟೆ ಹಿಡಿದು ಕೂರುತ್ತಿದ್ದೆ. ನರ್ಸುಗಳು ಮುಸಿಮುಸಿ ನಗುತ್ತಿದ್ದರು, ನಗಲಿ. ಎರಡು ವಾರ ಕಳೆಯುವುದರೊಳಗೆ ಹಜ್ಜಿಯಾ ಕೋಲು ಹಿಡಿದು ನಡೆದರು! ನನಗೋ ಸ್ವರ್ಗ ಮೂರೇ ಗೇಣು.

ಹೊರಡುವ ಮೊದಲು ಒಂದು ಬೆಳಿಗ್ಗೆ ಊರೆಲ್ಲ ಕೆರೆಯ ಕಡೆ ಹೊರಟಿತ್ತು. ಮೀನು ಹಿಡಿಯುವ ದಿನವಂತೆ, ನೋಡೋಣ ಬನ್ನಿ ಎಂದು ನಾನೇ ಅವರನ್ನು ಕರೆದೆ. ಹೋಗಿ ನೋಡಿದರೆ ಕೆರೆಯೇ ಇಲ್ಲ! ನೀರನ್ನೆಲ್ಲ ಹೊರಗೆ ಬಿಟ್ಟಿದ್ದರು. ಕಣ್ಣು ಹಾಯುವವರೆಗೂ ಕಪ್ಪು ಕೆಸರು. ತೂಬಿನ ಹತ್ತಿರ ಉಳಿದ ಚೂರು ನೀರಿನಲ್ಲಿ ಮೀನುಗಳು ಒಂದರ ಮೇಲೊಂದು ಒದ್ದಾಡುತ್ತಿದ್ದವು. ಉದ್ದ ಬೂಟಿನ ಗಂಡಸರು ಬಲೆ ಎಳೆಯುತ್ತಿದ್ದರು. ಜನ ನಗುತ್ತಿದ್ದರು, ಮಕ್ಕಳು ಕೇಕೆ ಹಾಕುತ್ತಿದ್ದರು.

ಹಜ್ಜಿಯಾ ಮೀನಿನ ಕಡೆ ನೋಡಲಿಲ್ಲ. ಬರಿದಾದ ತಳವನ್ನು ಈ ಕೊನೆಯಿಂದ ಆ ಕೊನೆಯವರೆಗೆ ನೋಡುತ್ತ ನಿಂತರು. ತಳದಲ್ಲಿ ಮುರಿದ ಹುಟ್ಟು, ಒಂದು ಬಾಲ್ದಿ, ಯಾರದೋ ಒಂಟಿ ಚಪ್ಪಲಿ.

"ಕಳೆದುಹೋದದ್ದೆಲ್ಲ ಇಲ್ಲೇ ಇದೆಯಲ್ಲ ಬೇಟಿ" ಎಂದರು. ಆಮೇಲೆ, "ನೀರು ಎಲ್ಲಿಂದ ಬಿಟ್ಟರು?"

ನಾನು ಮರದ ತೂಬು ತೋರಿಸಿದೆ. ಅದನ್ನೇ ದಿಟ್ಟಿಸಿದರು. "ಇವರ ಕೆರೆಗೆ ಬಾಗಿಲಿದೆ, ನಮ್ಮ ಕಡಲಿಗಿಲ್ಲ" ಎಂದವರು ಆ ಒದ್ದೆ ದಂಡೆಯ ಮೇಲೆ ಕೂತು ಗಟ್ಟಿಯಾಗಿ ಅತ್ತರು. ಜನ ತಿರುಗಿ ನೋಡಿದರು. ಕಾಲು ನೋವೇನೋ ಎಂದು ಒಬ್ಬ ಮುದುಕ ಓಡಿಬಂದ. ಅಲ್ಲವೆಂದು ಅವನಿಗೆ ಕೈಸನ್ನೆ ಮಾಡಿದೆ. ನಾನೂ ಪಕ್ಕದಲ್ಲಿ ಕೂತೆ.

ಕುವೈತಿನಲ್ಲಿ ಅವರು ವಿಮಾನದಿಂದ ತಾವೇ ನಡೆದು ಇಳಿದರು. ಮಗ ಮಕ್ಕಳ ಹಾಗೆ ಕಣ್ಣೀರಿಟ್ಟು ತಾಯಿಯ ತಲೆಗೆ ಮುತ್ತಿಟ್ಟರು. ನನ್ನ ಗಂಡ ಬೀಗಿದ್ದೇ ಬೀಗಿದ್ದು. ಒಂದು ವಾರದ ನಂತರ ನಾನು ಅವರ ಮನೆಗೆ ಹೋದೆ. ಹಜ್ಜಿಯಾ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು.

"ಸಂಜೆಯಾಯ್ತು, ಕಡಲಿಗೆ ಹೋಗುವುದಿಲ್ವಾ? ನಾನೂ ಬರ್ತೇನೆ" ಎಂದೆ.

"ಇಲ್ಲ ಬೇಟಿ. ಇಷ್ಟು ವರ್ಷ ನಾನು ನೀರಿನ ಮೇಲೆ ನೋಡುತ್ತಿದ್ದೆ, ದೋಣಿ ಬರುವ ಕಡೆಗೆ. ಅವರು ಕೆಳಗಿದ್ದಾರೆ. ಖಲಾಸ್."

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಲ್ಲಿಯವರೆಗೂ ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತಿದ್ದರಂತೆ, ಕಡಲ ಕಡೆ ಮಾತ್ರ ಒಮ್ಮೆಯೂ ಹೋಗಲಿಲ್ಲವಂತೆ. ಅವರ ಕಾಲು ವಾಸಿಯಾಗಲಿ ಎಂದು ನಾನು ನಮ್ಮೂರಿನ ದೇವರಿಗೆ ಹರಕೆ ಹೇಳಿಕೊಂಡಿದ್ದೆ. ಊರಿಗೆ ಬಂದಾಗ ಅದನ್ನು ತೀರಿಸಿದೆ. ಕೈ ಮುಗಿದು ನಿಂತಾಗ, ಏನೆಂದು ಕೃತಜ್ಞತೆ ಹೇಳಬೇಕೋ ನನಗೆ ತಿಳಿಯಲಿಲ್ಲ.