ಡ್ರೈವರ್ ಕಾಕಾ ಕೊಡಿಸಿದ ಗಾಡಿ

ಹೋದ ತಿಂಗಳು ಕೆಲಸದ ಮೇಲೆ ತಾಂಡೂರಿಗೆ ಹೋಗಿದ್ದೆ. ಕಾರಿನ ಚಕ್ರಕ್ಕೆ ಗಾಳಿ ತುಂಬಿಸಲೆಂದು ಒಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ್ದೆ. ಒಳಗೆ ಯಾರದೋ ಜೀಪನ್ನು ಎತ್ತಿ ನಿಲ್ಲಿಸಿ ಅದರ ತಳಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರು. ತುಕ್ಕು ಹಿಡಿಯದಿರಲೆಂದು ಹಚ್ಚುವ, ಡಾಂಬರಿನ ಹಾಗೆ ನಾರುವ ಬಣ್ಣ. ಆ ವಾಸನೆ ಮೂಗಿಗೆ ಬಡಿದದ್ದೇ ಕಾರನ್ನು ಅಲ್ಲೇ ಬಿಟ್ಟು ಹೊರಟೆ. ರಸ್ತೆ ದಾಟಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ಹದಿನಾರು ವರ್ಷವಾಯಿತು. ಮೂಗು ಮಾತ್ರ ಏನನ್ನೂ ಮರೆತಿಲ್ಲ...

ನಮ್ಮ ಮನೆ ಬೀದರ ಗಡಿಯಾಚೆಯ ಜಹೀರಾಬಾದಿನಲ್ಲಿ. ಎದುರು ಮನೆಯಲ್ಲಿ ಅವರಿದ್ದರು. ಬದುಕಿನ ಬಹುಪಾಲು ಬಸ್ಸು ಓಡಿಸಿ ನಿವೃತ್ತರಾದವರು. ಇಡೀ ಓಣಿಗೆ ಅವರು ಡ್ರೈವರ್ ಕಾಕಾ. ಹೆಂಡತಿ ತೀರಿಕೊಂಡಿದ್ದರು. ಇದ್ದೊಬ್ಬ ಮಗಳನ್ನು ತಾಂಡೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅಪ್ಪನ ಅಂಗಡಿಗೆ ಬಂದು ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಅಪ್ಪ ಟೇಲರ್. ಅಳತೆ ಬರೆದುಕೊಂಡ ಮೇಲೆ ಸೀಮೆಸುಣ್ಣದ ಗೆರೆ ಎಳೆಯದೆ ನೇರ ಕತ್ತರಿ ಹಾಕುತ್ತಿದ್ದ. ಅದನ್ನು ನೋಡುವುದೆಂದರೆ ಕಾಕಾಗೆ ಬಹಳ ಇಷ್ಟ. ಬಂದ ಗಿರಾಕಿಗಳಿಗೆಲ್ಲ, "ಈತನ ಕೈ ನೋಡ್ರಿ, ನನ್ನ ಸ್ಟೇರಿಂಗಿಗಿಂತ ಸೀದಾ ಹೋಗತದ" ಎಂದು ತೋರಿಸುತ್ತಿದ್ದರು.

ನನಗೆ ಆಗ ಇಪ್ಪತ್ತಮೂರು. ನಾರಾಯಣಖೇಡದ ಪಶು ಆಸ್ಪತ್ರೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ವಾರದಲ್ಲಿ ನಾಲ್ಕು ದಿನ ಕಂಗ್ಟಿ ಕಡೆಯ ಹಳ್ಳಿಗಳಿಗೆ ಹೋಗಿ ದನಗಳಿಗೆ ಲಸಿಕೆ ಹಾಕಬೇಕು. ಬಸ್ಸಿನಲ್ಲಿ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ, ಕ್ರಾಸಿನಲ್ಲಿ ಇಳಿದು, ಜೋಳದ ಹೊಲಗಳ ನಡುವೆ ಎರಡು ಮೈಲಿ ನಡೆಯುವಷ್ಟರಲ್ಲಿ ಐಸೆಲ್ಲ ನೀರಾಗಿರುತ್ತಿತ್ತು. ಒಂದು ಸಂಜೆ ಸೆರಗೆಲ್ಲ ಒದ್ದೆ ಮಾಡಿಕೊಂಡು ಮನೆಗೆ ಬಂದವಳನ್ನು ನೋಡಿ ಕಾಕಾ, "ಗಾಡಿ ಕಲಿ ಮಗಳ, ನಾ ಕಲಸ್ತೀನಿ" ಎಂದರು.

ಕಲಿಸಿದರು ಕೂಡ. ಪರಿಚಯದವರ ಹಳೆಯ ಜೀಪೊಂದನ್ನು ಕೇಳಿ ತಂದು, ಮಾರ್ಕೆಟ್ ಯಾರ್ಡಿನ ಹಿಂದಿನ ಬಯಲಿನಲ್ಲಿ, ಎರಡು ತಿಂಗಳು. ನಾನು ಎಷ್ಟು ಸಲ ಗಾಡಿ ಬಂದ್ ಮಾಡಿದರೂ ಒಮ್ಮೆಯೂ ಗದರಲಿಲ್ಲ. ಒಂದೇ ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಹತ್ತಾಕ ಮೊದಲು ಕೆಳಗ ಬಗ್ಗಿ ನೋಡಬೇಕು. ಮ್ಯಾಲಿನ ರಂಗ ಊರಾಗಿನವರಿಗೆಲ್ಲ ಕಾಣತದ. ತಳ ಮಾತ್ರ ಗಾಡಿ ಹೊಡ್ಯಾವ್ರೇ ನೋಡಬೇಕು" ಎನ್ನುತ್ತಿದ್ದರು. ನಾನು ಪ್ರತಿ ಸಲ ಚೂಡಿದಾರಿನ ದುಪಟ್ಟಾ ಸೊಂಟಕ್ಕೆ ಬಿಗಿದು, ನೆಲಕ್ಕೆ ಕೈಯೂರಿ ಬಗ್ಗಿ ನೋಡುತ್ತಿದ್ದೆ. ಏನು ನೋಡಬೇಕೆಂದು ಗೊತ್ತಿರಲಿಲ್ಲ. ಅವರು ಹೇಳಿದ್ದರು, ಅಷ್ಟೆ.

ಲೈಸೆನ್ಸು ಬಂದ ಮೇಲೆ ಅವರೇ ಒಂದು ದಿನ, "ತಾಂಡೂರಾಗ ಒಂದು ಗಾಡಿ ಅದ. ಸಣ್ಣದು, ಹಳೇದು, ಆದ್ರ ಒಬ್ಬ ಮಾಸ್ತರು ಇಟ್ಟದ್ದು. ಭಾಳ ಜತನ ಮಾಡ್ಯಾರ" ಎಂದರು. ಇಬ್ಬರೂ ಬಸ್ಸಿನಲ್ಲಿ ಹೋದೆವು. ಕಲ್ಲಿಗೆ ಪಾಲಿಶ್ ಮಾಡುವ ಒಂದು ಕಾರ್ಖಾನೆಯ ಅಂಗಳದಲ್ಲಿ, ಜೋಡಿಸಿಟ್ಟ ಫರಸಿ ಕಲ್ಲುಗಳ ನಡುವೆ ಅದು ನಿಂತಿತ್ತು. ಕೆನೆಬಣ್ಣದ ಪುಟ್ಟ ಕಾರು. ಗುಂಡನೆಯ ದೀಪಗಳು, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಕೆಂಪು ರೆಕ್ಸಿನ್ ಸೀಟು. ನನಗಿಂತ ವಯಸ್ಸಾದ ಗಾಡಿ. ನೋಡಿದ ತಕ್ಷಣ ಅದು ನನ್ನದೇ ಅನ್ನಿಸಿಬಿಟ್ಟಿತು. ಆದರೂ ಕಲಿಸಿದ ಪಾಠ ಮರೆಯದೆ ಕೆಳಗೆ ಬಗ್ಗಿದೆ. ತಳವೆಲ್ಲ ಕರ್ರಗೆ ಹೊಳೆಯುತ್ತಿತ್ತು. ಹಸಿ ಬಣ್ಣದ ವಾಸನೆ ಕಣ್ಣಿಗೂ ಹತ್ತಿತು.

"ಹೊಸ ಬಣ್ಣ ಹಚ್ಯಾರಲ್ರಿ ಕಾಕಾ?"

"ಜಂಗ್ ಹಿಡೀಬಾರದಂತ ಮಾಸ್ತರು ಹಚ್ಚಿಸ್ಯಾರ" ಎಂದರು. ಕಾಗದಪತ್ರದಲ್ಲೂ ಮಾಸ್ತರರದೇ ಹೆಸರಿತ್ತು. ಬರುವಾಗ, "ಅಕ್ಕನ ಮನಿ ಇಲ್ಲೇ ಅದಲ್ರಿ, ಒಂದು ಗಳಿಗಿ ಹೋಗಿ ಬರಮು" ಎಂದೆ. ಕಾಕಾನ ಮಗಳು ನನಗಿಂತ ಎರಡು ವರ್ಷ ದೊಡ್ಡವಳು. ನಾವು ಒಂದೇ ಕನ್ನಡ ಶಾಲೆಯಲ್ಲಿ ಓದಿದವರು, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕಾಕಾ ಬಿಸಿಲಿನ ಕಡೆ ನೋಡಿ, "ಇವತ್ತ ಬ್ಯಾಡವ್ವ, ಹೊತ್ತಾಗತದ" ಎಂದರು.

ಅಪ್ಪನಿಗೆ ಮನಸ್ಸಿರಲಿಲ್ಲ. ಗಾಡಿ ಎಂದರೆ ಅವನಿಗೆ ಮೊದಲಿನಿಂದಲೂ ಅಂಜಿಕೆ. ಕಾಕಾ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಜಿಮ್ಮೇದಾರಿ ನಂದು. ನನ್ನ ಮಗಳಿಗೊಂದು, ಈಕೀಗೊಂದು ಮಾಡ್ತೀನೇನು?" ಅಪ್ಪ ಕತ್ತರಿ ಕೆಳಗಿಟ್ಟು ಹೂಂ ಅಂದ. ನಾನು ಕೆಲಸಕ್ಕೆ ಸೇರಿದಾಗಿನಿಂದ ಉಳಿಸಿದ್ದನ್ನೆಲ್ಲ ಆ ಗಾಡಿಗೆ ಕೊಟ್ಟೆ.

ಐದು ತಿಂಗಳು ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಕಂಗ್ಟಿ ಕಡೆಯ ಹಳ್ಳಿಗಳಲ್ಲಿ ನನ್ನ ಗಾಡಿಯ ಸದ್ದು ಕೇಳಿದರೆ ಹೆಂಗಸರು ಎಮ್ಮೆಗಳನ್ನು ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಒಮ್ಮೆ ಕಾಲು ಮುರಿದ ಆಡಿನ ಮರಿಯೊಂದನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ನಾರಾಯಣಖೇಡಕ್ಕೆ ತಂದಿದ್ದೆ. ಅದು ದಾರಿಯುದ್ದಕ್ಕೂ ಒದರುತ್ತಿತ್ತು, ನಾನು ದಾರಿಯುದ್ದಕ್ಕೂ ಅದಕ್ಕೆ ಸಮಾಧಾನ ಹೇಳುತ್ತಿದ್ದೆ... ಪ್ರತಿ ಭಾನುವಾರ ಕಾಕಾ ಬಂದು ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರುತ್ತಿದ್ದರು. ಬೇರೆ ಮೆಕ್ಯಾನಿಕ್ಕರ ಬಳಿ ಒಯ್ಯಲು ಬಿಡುತ್ತಿರಲಿಲ್ಲ. "ಅವರು ಚಲೋ ಇದ್ದದ್ದನ್ನ ಕೆಡಸ್ತಾರ" ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ನಾನು ಹೊರಡುವಾಗ ಕಟ್ಟೆಯ ಮೇಲಿಂದಲೇ, "ನಲವತ್ತರ ಮ್ಯಾಲ ಹೋಗಬ್ಯಾಡ ಮಗಳ" ಎಂದು ಕೂಗುತ್ತಿದ್ದರು. ಅಪ್ಪನಿಗಿಂತ ಇವರಿಗೇ ನನ್ನ ಮೇಲೆ ಕಾಳಜಿ ಹೆಚ್ಚು ಎಂದು ಅವ್ವ ನಗುತ್ತಿದ್ದಳು.

ಅಪ್ಪ ಆ ಐದು ತಿಂಗಳೂ ಗಾಡಿ ಹತ್ತಿರಲಿಲ್ಲ. ಹತ್ತಿದ್ದು ಒಂದೇ ದಿನ. ಕೊಹೀರಿನ ಒಂದು ಮದುವೆ ಮನೆಯವರ ಬಟ್ಟೆಗಳನ್ನೆಲ್ಲ ಅಪ್ಪ ಹೊಲಿದಿದ್ದ. ದೊಡ್ಡ ಎರಡು ಗಂಟು. ಬಸ್ಸಿನಲ್ಲಿ ಒಯ್ದರೆ ಇಸ್ತ್ರಿ ಮುದುಡುತ್ತದೆ ಎಂದು ನಾನೇ ಒತ್ತಾಯ ಮಾಡಿದೆ. ಗಂಟುಗಳನ್ನು ಹಿಂದಿಟ್ಟು ಅಪ್ಪ ಮುಂದೆ ಕೂತ. ಕಾಕಾ ತಮ್ಮ ಕಟ್ಟೆಯಿಂದ ಇಳಿದು ಬಂದರು. ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

"ಸಾಮಾನ ಭಾಳಾತು. ಬಸ್ಸಿಗಿ ಹೋದ್ರ ಆಗ್ತಿತ್ತು" ಎಂದರು.

"ನೀನೇ ಕೊಡಿಸಿದ ಗಾಡಿ, ನೀನೇ ಅಂಜತಿ" ಎಂದು ಅಪ್ಪ ನಕ್ಕ.

ಅವರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಕೈ ತೆಗೆದರು.

ಕೊಹೀರಿಗೆ ಇನ್ನೂ ಎರಡು ಕಿಲೋಮೀಟರ್ ಇತ್ತು. ರಸ್ತೆ ಸಣ್ಣಗೆ ಇಳಿದು ಎಡಕ್ಕೆ ತಿರುಗುವ ಜಾಗ. ನಾನು ನಲವತ್ತರ ಒಳಗೇ ಇದ್ದೆ. ಕೆಳಗೆಲ್ಲೋ ಕಟ್ ಎಂದು ಸದ್ದಾಯಿತು. ಎಡಗಡೆಯ ಮುಂದಿನ ಚಕ್ರ ಒಳಗೆ ಮಡಚಿಕೊಂಡಿತು. ಸ್ಟೇರಿಂಗ್ ತಿರುಗಿಸಿದರೂ ಗಾಡಿ ಕೇಳಲಿಲ್ಲ. ತಗ್ಗಿಗೆ ಇಳಿದು ಒಂದು ಬೇವಿನ ಮರಕ್ಕೆ ಹೊಡೆದು ನಿಂತಿತು. ನನಗೆ ತುಟಿ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಅಪ್ಪ ಆಸರೆಗೆಂದು ಮುಂದೆ ಚಾಚಿದ ಬಲಗೈ ಒಳಕ್ಕೆ ನುಗ್ಗಿದ ತಗಡಿನಲ್ಲಿ ಸಿಕ್ಕಿಕೊಂಡಿತ್ತು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ಓಡಿ ಬಂದು ಬಿಡಿಸಿದರು. ಅಪ್ಪ ಚೀರಲಿಲ್ಲ. ಹಿಂದೆ ತಿರುಗಿ, "ಬಟ್ಟಿಗಿ ರಕ್ತ ಹತ್ಯಾದೇನು ನೋಡು" ಎಂದ.

ಬೀದರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಕೈ ಉಳಿಯಿತು, ಆದರೆ ಹೆಬ್ಬೆರಳು, ತೋರುಬೆರಳು ಮಡಚುತ್ತಿರಲಿಲ್ಲ. ಇನ್ನು ಕತ್ತರಿ ಹಿಡಿಯುವುದಾಗುವುದಿಲ್ಲ ಎಂದು ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು. ಕಾಕಾ ದಿನಾ ಬರುತ್ತಿದ್ದರು. ಅಪ್ಪನಿಗೆ ಜೋಳದ ಗಂಜಿ ಕುಡಿಸುತ್ತಿದ್ದರು, ಬೆನ್ನು ಒರೆಸುತ್ತಿದ್ದರು. ಮಾತು ಮಾತ್ರ ಬಹಳ ಕಡಿಮೆಯಾಗಿತ್ತು.

ಗಾಡಿಯನ್ನು ಎಳೆದು ತಂದ ಮೇಸ್ತ್ರಿ ಒಂದು ದಿನ ನನ್ನನ್ನು ಕರೆಸಿದ. ಎಡಗಡೆಯ ಚಕ್ರವನ್ನು ಹಿಡಿದಿದ್ದ ತಳದ ಕಬ್ಬಿಣದ ಪಟ್ಟಿಯ ಮೇಲಿನ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದು ತೋರಿಸಿದ. "ಇದು ಈಗ ಮುರದದ್ದಲ್ರಿ ಮೇಡಂ. ಮೊದಲೇ ಜೋರ್ ಪೆಟ್ಟು ಬಿದ್ದು ಮುರದಾದ. ವೆಲ್ಡಿಂಗ್ ಮಾಡಿ, ಮ್ಯಾಲ ರಂಗ ಬಳದು ಮುಚ್ಯಾರ. ಗೊತ್ತಿದ್ದವ್ರು ಯಾರೂ ಇದ್ರಾಗ ಕೂಡಂಗಿಲ್ಲ."

ನಾನು ಮಾಡಿದ್ದೇನು? ನೇರ ಕಾಕಾನ ಬಳಿ ಹೋಗಿ ಅವರಿಗೇ ಸಮಾಧಾನ ಹೇಳಿದೆ. "ಆ ಮಾಸ್ತರು ನಿಮಗೂ ಮೋಸ ಮಾಡ್ಯಾರ ಕಾಕಾ, ನೀವು ಮನಸ್ಸಿಗಿ ಹಚ್ಕೋಬ್ಯಾಡ್ರಿ" ಎಂದೆ. ಅವರು ಎದ್ದು ಒಳಗೆ ಹೋಗಿ ನನಗೆ ಒಂದು ತಂಬಿಗೆ ನೀರು ತಂದುಕೊಟ್ಟರು. ಆ ಸಮಾಧಾನದ ಮಾತು ನೆನಪಾದಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ತಿಂಗಳ ಮೇಲೆ ಅಕ್ಕ ತಾಂಡೂರಿನಿಂದ ಅಪ್ಪನನ್ನು ನೋಡಲು ಬಂದಳು. ಗಂಡ ಅವಳನ್ನು ತವರಿಗೆ ಕಳಿಸುತ್ತಿದ್ದುದೇ ಅಪರೂಪ. ಅಪ್ಪನ ಕೈ ನೋಡಿ, ಯಾವ ಗಾಡಿ ಎಂದು ಕೇಳಿದಳು. ಕೆನೆಬಣ್ಣ, ಕೆಂಪು ಸೀಟು ಎಂದೆ. ನನ್ನ ಕೈ ಹಿಡಿದು ಅಡಿಗೆಮನೆಗೆ ಎಳೆದುಕೊಂಡು ಹೋದಳು.

"ಅದು ನಮ್ಮನಿಯವರ ಗಾಡಿ" ಎಂದಳು. "ಮಾಸ್ತರ ಕಡಿಂದ ತಗೊಂಡು, ಹೆಸರ ಬದಲಿ ಮಾಡಸದೇ ಇಟ್ಟಿದ್ರು. ಲಾರಿಗಿ ಹೊಡದು ಮುರಕೊಂಡಿದ್ರು. ನಮ್ಮಪ್ಪ ಬಂದು ಕೆಳಗ ನೋಡಿ, ನೀ ಇದ್ರಾಗ ಕೂಡಬ್ಯಾಡ, ಮಕ್ಕಳನ್ನೂ ಕೂಡಸಬ್ಯಾಡ ಅಂತ ನನ್ನ ಕಡಿಂದ ಆಣಿ ಮಾಡಿಸ್ಕೊಂಡಿದ್ದ. ಗುಜರಿಗಿ ಹಾಕೀವಿ ಅಂತ ಹೇಳಿದ್ರು ನನಗ..."

ನಾನು ಹೊರಗೆ ಬಂದೆ. ಕಾಕಾ ತಮ್ಮ ಕಟ್ಟೆಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಅಪ್ಪನಿಗೆ ಪಲ್ಯ ಮಾಡಿಕೊಡಲಿಕ್ಕೆ.

"ಅಕ್ಕಗ ಕೂಡಬ್ಯಾಡ ಅಂದಿದ್ರಂತ. ಖರೇ ಏನ್ರಿ?"

ಅವರು ತಲೆ ಎತ್ತಲಿಲ್ಲ. ಬೆರಳುಗಳು ಸುಲಿಯುವುದನ್ನು ನಿಲ್ಲಿಸಿದವು. "ಗಾಡಿ ಮಾರಿ ಕೊಡು, ಇಲ್ಲಂದ್ರ ನಿನ್ನ ಮಗಳನ್ನ ಕರಕೊಂಡು ಹೋಗು ಅಂದ ಅಳಿಯ. ತಾಂಡೂರಾಗ ಎಲ್ಲರಿಗಿ ಗೊತ್ತಿತ್ತು, ಯಾರೂ ತಗೋತಿದ್ದಿಲ್ಲ."

"ಅದಕ್ಕ ನನಗ ಕೊಟ್ರಿ."

"ನೀ ಸಾವಕಾಶ ಹೊಡೀತಿ ಅಂತ ಗೊತ್ತಿತ್ತು. ನಾನೇ ಕಲಸೀನಲ್ಲ. ವಾರಾ ವಾರಾ ನೋಡ್ತಿದ್ದೆ. ಏನೂ ಆಗಂಗಿಲ್ಲ ಅನ್ಕೊಂಡೆ ಮಗಳ..."

"ಮಗಳ ಅನಬ್ಯಾಡ್ರಿ" ಎಂದೆ. "ಅವತ್ತ ಮುಂಜಾನಿ ಅಪ್ಪ ಹತ್ತುವಾಗ ಒಂದ ಮಾತು ಹೇಳಿದ್ರ ಸಾಕಾಗ್ತಿತ್ತು."

ನಾನು ಅವರೊಡನೆ ಆಡಿದ ಕೊನೆಯ ಮಾತು ಅದು.

ಅಪ್ಪನ ಕೈಗಿಂತಲೂ ನನ್ನನ್ನು ಹೆಚ್ಚು ಸುಟ್ಟದ್ದು ಬೇರೊಂದು; ಹಾಗೆಂದು ಹೇಳಿದರೆ ಜನ ಏನೆಂದುಕೊಳ್ಳುತ್ತಾರೋ. ಮೋಸ ಮಾಡಿದವರು ಮುಂದಿನ ದಿನಗಳನ್ನು ಕೆಡಿಸುತ್ತಾರೆ ಎಂದು ತಿಳಿದಿದ್ದೆ. ಅವರು ಹಿಂದಿನದನ್ನೂ ಬಿಡಲಿಲ್ಲ. ಭಾನುವಾರದ ಆ ಗೋಣಿಚೀಲ, ದಿನಾ ಬೆಳಿಗ್ಗೆ ಕೂಗಿ ಹೇಳುತ್ತಿದ್ದ ಆ ನಲವತ್ತು... ಕಾಳಜಿ ಎಂದು ನಾನು ಎದೆಯಲ್ಲಿಟ್ಟುಕೊಂಡದ್ದೆಲ್ಲ ಬೆಸುಗೆ ಬಿಟ್ಟುಕೊಂಡೀತೆಂಬ ಅವರ ಅಂಜಿಕೆಯಾಗಿತ್ತು. ಮಾರ್ಕೆಟ್ ಯಾರ್ಡಿನ ಬಯಲಿನಲ್ಲಿ ಗದರದೆ ಕಲಿಸಿದ ಎರಡು ತಿಂಗಳಾದರೂ ನಿಜವೇ? ಆಗಲೇ ಆ ಗಾಡಿ ಅವರ ಮನಸ್ಸಿನಲ್ಲಿತ್ತೇ? ಇದನ್ನು ಯಾರನ್ನು ಕೇಳಲಿ?

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ದವಾಖಾನ್ಯಾಗ ಗಂಜಿ ಕುಡಸುವಾಗ ನನ್ನ ಕೈ ಕಡಿಗಿ ಒಮ್ಮಿನೂ ನೋಡ್ತಿದ್ದಿಲ್ಲ. ಆಗೇ ಅನ್ಕೊಂಡಿದ್ದೆ" ಎಂದ. ದೂರು ಕೊಡಲು ಒಪ್ಪಲಿಲ್ಲ. ಹೊಲಿಗೆಗೆ ಇನ್ನೊಬ್ಬರನ್ನಿಟ್ಟುಕೊಂಡು, ತಾನು ಅಳತೆ ಹೇಳುತ್ತ ಅಂಗಡಿ ನಡೆಸಿದ. ಕಾಕಾ ಆ ವರ್ಷವೇ ಮನೆ ಬಾಡಿಗೆಗೆ ಕೊಟ್ಟು ತಾಂಡೂರಿಗೆ ಹೋದರು.

ಎರಡು ವರ್ಷದ ಹಿಂದೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಅಪ್ಪ ಅಂಗಡಿಯ ಶಟರ್ ಎಳೆದು, ಒಬ್ಬನೇ ಬಸ್ಸು ಹತ್ತಿ ಹೋಗಿ, ಸಂಜೆ ವಾಪಸ್ ಬಂದ. "ಮಣ್ಣು ಹಾಕಿ ಬಂದೆ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ.

ಹೋದ ತಿಂಗಳು, ಆ ಚಹಾದಂಗಡಿಯಿಂದ ಎದ್ದವಳು ಅದೇಕೋ ಅಕ್ಕನ ಮನೆ ಕೇಳಿಕೊಂಡು ಹೋದೆ. ಹದಿನಾರು ವರ್ಷದಲ್ಲಿ ಮೊದಲ ಸಲ. ಅವಳ ಕೂದಲು ಮುಂದೆಲ್ಲ ಬೆಳ್ಳಗಾಗಿತ್ತು. ಗೋಡೆಯ ಮೇಲೆ ಕಾಕಾನ ಫೋಟೋ ಇತ್ತು, ಹಣೆಯ ತುಂಬ ವಿಭೂತಿ. ನಾನು ನೋಡುತ್ತ ನಿಂತಿದ್ದೆ. ಅಕ್ಕ ಹಿಂದೆ ಬಂದು ನಿಂತಳು.

"ಮಾಫ್ ಮಾಡೀಯೇನು ನಮ್ಮಪ್ಪಗ?"

ಸುಳ್ಳು ಹೇಳಬಹುದಿತ್ತು. ಆ ಮನೆಯ ಸುಳ್ಳಿಗೆ ಇನ್ನೊಂದು ಸೇರಿಸಲು ಮನಸ್ಸಾಗಲಿಲ್ಲ.

"ಇಲ್ಲಕ್ಕ" ಎಂದೆ. "ಆದ್ರ ಅವರಿಲ್ಲ ಅಂತ ಭಾಳ ಅನಸ್ತದ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟಾಗಲಿಲ್ಲ. "ರೊಟ್ಟಿ ಬಿಸಿ ಅವ, ಉಂಡು ಹೋಗು" ಎಂದು ಮಣೆ ಹಾಕಿದಳು. ನಾನು ಫೋಟೋಕ್ಕೆ ಬೆನ್ನು ಮಾಡಿ ಕೂತು ಉಂಡೆ.